ಇಲ್ಲದ ಹುಡುಗಿಗೊಂದು ವರ

ನಮ್ಮ ಪಕ್ಕದ ಮನೆಯ ಚಿಗವ್ವನ ಗದ್ದದ ಮೇಲೆ ಹಸಿರು ಹಚ್ಚೆಯ ಚುಕ್ಕೆಗಳಿದ್ದವು. ಸುಳ್ಳು ಹೇಳುವಾಗ ಸೆರಗಿನ ತುದಿಯಿಂದ ಅವನ್ನು ಮುಚ್ಚಿಕೊಳ್ಳುತ್ತಿದ್ದಳು. ರಕ್ತಸಂಬಂಧವೇನೂ ಇರಲಿಲ್ಲ, ನಮ್ಮ ಜನವೇ ಆದ್ದರಿಂದ ಚಿಗವ್ವ ಎನ್ನುತ್ತಿದ್ದೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಹೆಂಡತಿ ತೀರಿಕೊಂಡ ಮೇಲೆ ಚಿಗವ್ವನ ಅಪ್ಪ ಕುಷ್ಟಗಿಗೆ, ಮಗಳ ಮನೆಗೆ ಬಂದಿದ್ದರು. ಅವರನ್ನು ನಾನು ಅಜ್ಜ ಎನ್ನುತ್ತಿದ್ದೆ. ಎತ್ತಿನ ವ್ಯಾಪಾರಕ್ಕೆಂದು ಊರೂರು ತಿರುಗಿದ್ದ ಜೀವ. ಈಗ ಗೋಡೆ ನೋಡುತ್ತ ಕೂತು, ಉಂಡದ್ದನ್ನೂ ಮರೆಯುತ್ತಿದ್ದರು. ಒಮ್ಮೆ ಮಗಳನ್ನೇ "ನೀ ಯಾರವ್ವಾ?" ಎಂದು ಕೇಳಿದರು. ಅವತ್ತು ಚಿಗವ್ವ ನಮ್ಮ ಹಿತ್ತಲಿಗೆ ಬಂದು ಅತ್ತಳು.

ಮರುದಿನ ಅಪ್ಪನ ಮುಂದೆ ಕೂತು, "ಯಪ್ಪಾ, ನಮ್ಮ ಮನಿಯವರ ಕಡಿ ಒಂದು ಹುಡುಗಿ ಐತಿ. ವರ ನೀನ ನೋಡಬೇಕು" ಎಂದಳು. ಅಂಥ ಹುಡುಗಿಯೇ ಇರಲಿಲ್ಲ.

ಅಜ್ಜ ರುಮಾಲು ಸುತ್ತಿಕೊಂಡು ತಾವರಗೇರಾ ಸಂತೆಗೆ ಬಂಡಿ ಹತ್ತಿದರು. ಸಂಜೆ ಬಂದು ಯಲಬುರ್ಗಾ ಕಡೆಯ ಮನೆತನಗಳ ಬೀಗತನವನ್ನೆಲ್ಲ ಬಿಡಿಸಿ ಹೇಳಿದರು. ಚಿಗವ್ವ ಪ್ರತಿ ವರನಿಗೂ ಒಂದು ಕೊರತೆ ಹುಡುಕುತ್ತಿದ್ದಳು: ಒಬ್ಬನ ಊರಿನ ನೀರು ಉಪ್ಪು, ಇನ್ನೊಬ್ಬನ ತಾಯಿಯ ಬಾಯಿ ಜೋರು. ಅಜ್ಜ ರೇಗಿ, ವಾದಿಸಿ, ಮತ್ತೆ ಸಂತೆಯ ದಾರಿ ಹಿಡಿಯುತ್ತಿದ್ದರು. ಗೋಡೆ ನೋಡಲು ಪುರುಸೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಹುಡುಗನನ್ನೂ ಅವನ ತಂದೆಯನ್ನೂ ಕರೆದುಕೊಂಡೇ ಬಂದುಬಿಟ್ಟರು. "ಇವನಾಗ ಏನ ಕೊರತಿ ತಗೀತಿ ತಗಿ. ಹುಡುಗೀನ ಕರಸು."

ಚಿಗವ್ವ ಹಿತ್ತಲ ಬಾಗಿಲಿನಿಂದ ನಮ್ಮಲ್ಲಿಗೆ ಓಡಿ ಬಂದಳು. "ಯಕ್ಕಾ, ನಿಮ್ಮ ಮಗಳನ್ನ ಒಂದು ಗಳಿಗಿ ಕಳಸ್ರಿ. ಇಲ್ಲಂದ್ರ ನಮ್ಮಪ್ಪ ಮಂದಿ ಮುಂದ ಸುಳ್ಳಗಾರ ಆಗ್ತಾನ."

ನಾನು ಖಾರ ಕುಟ್ಟುತ್ತಿದ್ದೆ. ಅವ್ವ ನಮ್ಮಪ್ಪನ ಮುಖ ನೋಡಿದಳು. "ಹೆಂಗೂ ವರ ನೋಡಬೇಕಾಗಿತ್ತು. ಹುಡುಗ ಹೆಂಗದಾನ ನೋಡೂಣು, ನಡೀರಿ" ಎಂದು ನಮ್ಮಪ್ಪನೇ ಎದ್ದ. ಘಾಟಿಗೆ ಕೆಂಪಾದ ಕಣ್ಣಿನಲ್ಲೇ ಹೋಗಿ ಕೂತೆ.

"ಯಾಕ ಅಳಾಕತ್ತಿ?" ಎಂದು ಹುಡುಗ ಮೆಲ್ಲಗೆ ಕೇಳಿದ.

"ಅಳಾಕತ್ತಿಲ್ಲರಿ, ಖಾರದ ಘಾಟು" ಎಂದೆ. ಅವನು ನಕ್ಕ.

ಆ ವರ್ಷವೇ ನಮ್ಮ ಮದುವೆಯಾಯಿತು. ಆಮೇಲೆ ಚಿಗವ್ವ ಇಲ್ಲದ ಹುಡುಗಿಯರನ್ನು ಹುಟ್ಟಿಸಬೇಕಾಗಲಿಲ್ಲ. ಹೆಣ್ಣು ಹೆತ್ತವರೇ ಅಜ್ಜನನ್ನು ಹುಡುಕಿಕೊಂಡು ಬರತೊಡಗಿದರು. ಅಜ್ಜ ತೀರಿಕೊಂಡಾಗ ನಾನು ಹೋಗಿದ್ದೆ. "ನಿನ್ನಿ ಸಂಜೀಕ ಸುದ್ದಾ ನನ್ನ ಹೆಸರು ಹಿಡದು ಕರದಾ" ಎಂದಳು ಚಿಗವ್ವ.

ಈಗ ಆಕೆಯೂ ಇಲ್ಲ. ಇದ್ದಷ್ಟು ದಿನ, ತವರಿಗೆ ಬಂದಾಗ ನಾನೂ ನನ್ನ ಗಂಡನೂ ಮೊದಲು ಹತ್ತುತ್ತಿದ್ದುದು ಆಕೆಯ ಮನೆಯ ಕಟ್ಟೆ, ಆಮೇಲೆ ನಮ್ಮವ್ವನದು. ಅವ್ವ ಒಮ್ಮೆಯೂ ಬೇಸರಪಟ್ಟುಕೊಳ್ಳಲಿಲ್ಲ.