ರುಬ್ಬುವ ಕೋಣೆಯ ಕಿಟಕಿ

ನೌಪಾಡಾದಲ್ಲಿ ಮೂವತ್ತು ವರ್ಷ ಇಡ್ಲಿ-ದೋಸೆಯ ಹೋಟೆಲು ನಡೆಸಿದ ಪ್ರೇಮನಾಥರು ಈಗ ಸೀವುಡ್ಸ್ ಬಡಾವಣೆಯಾಚೆ ಹಳೆಯ ಉಪ್ಪಿನ ಗೋದಾಮೊಂದನ್ನು ರೆಸ್ಟೋರೆಂಟ್ ಮಾಡಿಸುತ್ತಿದ್ದಾರೆ. ಎದುರಿಗಿರುವುದು ಕೆಸರು ಖಾಡಿ, ಉಬ್ಬರವಿಳಿತದ ಹಿನ್ನೀರು. ಅವರ ಬಾಯಲ್ಲಿ ಮಾತ್ರ ಅದು ಕಡಲು. ಬೆಳಿಗ್ಗೆ ಬಂದವರೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಮೇಜುಗಳನ್ನು ಬರೆಯುತ್ತಾರೆ, ಒಂದೊಂದರ ಮುಂದೂ ಕುಕ್ಕರಗಾಲಿನಲ್ಲಿ ಕೂತು ಇಲ್ಲದ ಕಾಫಿ ಕುಡಿಯುತ್ತಾರೆ, ತಲೆಯಲ್ಲಾಡಿಸಿ ಅಳಿಸುತ್ತಾರೆ. ಬಡಗಿ ಏನು ಕೇಳಿದರೂ ಉತ್ತರ ಒಂದೇ: "ನಾಳೆ ನೋಡುವ ಮಾರಾಯ." ಒಂದು ವಿಷಯದಲ್ಲಿ ಮಾತ್ರ ಅವರಿಗೆ ನಾಳೆಯಿಲ್ಲ. ಕಡಲಿನ ಕಡೆಯ ಅತಿ ಒಳ್ಳೆಯ ಕಿಟಕಿ ಹಿಟ್ಟು ರುಬ್ಬುವ ಕೋಣೆಗೇ ಬೇಕು. "ಅಂಕಲ್, ವ್ಯೂ ಕಸ್ಟಮರ್ ಕೋ ಚಾಹಿಯೆ, ಗ್ರೈಂಡರ್ ಕೋ ನಹೀಂ," ನೋಟ ಬೇಕಿರುವುದು ಗಿರಾಕಿಗೆ, ಗ್ರೈಂಡರಿಗಲ್ಲ ಎಂದು ಡಿಸೈನರ್ ನಿಕಿತಾ ಗೋಗರೆದಳು. "ಗಿರಾಕಿ ಅರ್ಧ ಗಂಟೆ ಕೂತು ಹೋಗ್ತಾನೆ. ರುಬ್ಬುವವರು ಇಡೀ ದಿನ ಅಲ್ಲೇ ಅಲ್ವಾ?" ಎಂದರು ಇವರು. ನೌಪಾಡಾದ ಕಿಟಕಿಯಿಲ್ಲದ ಹಿಂಕೋಣೆಯಲ್ಲಿ ಆ ಮೂವತ್ತು ವರ್ಷವೂ ರುಬ್ಬಿದವರು ಅವರ ಹೆಂಡತಿ ಉಮಾವತಿ; ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಈ ಕಿಟಕಿ ಇಡಿಸಿದ್ದೂ ಗಿಡ್ಡ ಹೆಂಗಸೊಬ್ಬಳು ಸ್ಟೂಲಿನಲ್ಲಿ ಕೂತರೆ ಕಣ್ಣಿಗೆ ನೇರವಾಗುವಷ್ಟು ತಗ್ಗಿಗೆ. ಹೊಸ ಅಡುಗೆಯವ ಲತೀಶ ಆರಡಿಯ ಆಳು. "ಒಂದಡಿ ಮೇಲಿಟ್ಟಿದ್ರೆ ನಂಗೂ ನೀರು ಕಾಣ್ತಿತ್ತಲ್ಲಾ ಅಣ್ಣಾ," ಎಂದ. ಪ್ರೇಮನಾಥರು ಖಾಲಿ ಸ್ಟೂಲನ್ನು ಪಂಚೆಯ ತುದಿಯಿಂದ ಒರೆಸುತ್ತಾ, "ನೀನು ಬಗ್ಗಿ ನೋಡು," ಎಂದರು.