ಆ ದೂರನ್ನು ಅಳಿಸದ ನೀಲಾಂಬಿಕಾ

ಬೆಳಗಿನ ಆರು ಗಂಟೆ. ವಿಜಯನಗರದ ಈ ಬೀದಿಯಲ್ಲಿ ಹಿಟ್ಟಿನ ಗಿರಣಿ ಇನ್ನೂ ಬಾಗಿಲು ತೆರೆದಿಲ್ಲ. ಅದರ ಪಕ್ಕದ ಇಕ್ಕಟ್ಟಿನ ಮೆಟ್ಟಿಲು ಹತ್ತಿ ನೀಲಾಂಬಿಕಾ ಮೇಲಿನ ವೆಬ್ ಅಂಗಡಿಯ ಶಟರ್ ಎತ್ತುತ್ತಾರೆ, ಮಾನಿಟರ್ ಮೇಲೆ ಕೂತ ಹಿಟ್ಟಿನ ಪುಡಿಯನ್ನು ದುಪಟ್ಟಾದ ತುದಿಯಿಂದ ಒರೆಸುತ್ತಾರೆ. ಎಂಟರವರೆಗೆ ಇಂಟರ್‌ನೆಟ್ ಎಷ್ಟು ಬಳಸಿದರೂ ಬಿಲ್ ಏರುವುದಿಲ್ಲ. ಹಾಗಾಗಿ ಭಾರದ ಕೆಲಸವೆಲ್ಲ ಈ ಹೊತ್ತಿಗೇ. ಬ್ಯಾಡರಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದಾರೆ. ಕೂದಲು ಇನ್ನೂ ಒದ್ದೆ.

ಇವರ ಕೆಲಸ ವೆಬ್‌ಸೈಟುಗಳಿಗೆ ಫಾರಂ ಕಟ್ಟುವುದು. ಮದುವೆ ಛತ್ರ, ಹಲ್ಲಿನ ಡಾಕ್ಟರು, ಟ್ಯುಟೋರಿಯಲ್, ಯಾರದೇ ಸೈಟಿರಲಿ, ‘ನಮಗೆ ಬರೆಯಿರಿ’ ಎಂದಲ್ಲಿ ಒತ್ತಿದರೆ ತೆರೆದುಕೊಳ್ಳುವ ಪುಟ ಅದು. ಸೈಟಿಗೆ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶ ಜೋಡಿಸಿದರೆ ಫಾರಂ ಅನ್ನು ಬೇಕಾದ ಹಾಗೆ ಮಾಡಿಕೊಳ್ಳಬಹುದು: ಯಾವ ಚೌಕ ಇರಬೇಕು, ಯಾವುದನ್ನು ತುಂಬದೆ ಮುಂದೆ ಹೋಗುವಂತಿಲ್ಲ, ತುಂಬಿದ್ದು ಯಾರ ಮೇಲ್‌ಗೆ ತಲುಪಬೇಕು. ವಾರಕ್ಕೆ ಎಂಟೋ ಹತ್ತೋ ಫಾರಂ ಇವರ ಕೈಯಿಂದ ಹೊರಬೀಳುತ್ತವೆ. ತುಂಬುವವರಿಗೆ ಅದನ್ನು ಒಬ್ಬರು ಕೂತು ಮಾಡಿದ್ದಾರೆಂಬುದೇ ಹೊಳೆಯುವುದಿಲ್ಲ.

ರೋಣದ ಕಡೆಯವರು. ಬಿ.ಎಸ್ಸಿ ಮುಗಿಸಿ, ತಾಯಿ ಹನುಮವ್ವನ ಜೊತೆ ಇಲ್ಲಿಗೆ ಬಂದಾಗ ಇಪ್ಪತ್ತಮೂರು. ತಾಯಿಗೆ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತು. ಮಗಳನ್ನು ಎರಡು ಕಂಪನಿಗಳು ಮಾತಿನ ಧಾಟಿ ಕೇಳಿಯೇ ವಾಪಸ್ ಕಳಿಸಿದವು. ಕಡೆಗೆ ಬಸವೇಶ್ವರನಗರದ ಮೋಹನ್ ಕುಮಾರ್ ಗಿರಣಿ ಮೇಲಿನ ತಮ್ಮ ಈ ಎರಡು ಕೋಣೆಯ ಅಂಗಡಿಗೆ ಸೇರಿಸಿಕೊಂಡರು. ಆ ವಾಪಸಾತಿಗಳ ಬಗ್ಗೆ ಕೇಳಿದರೆ ನೀಲಾಂಬಿಕಾ ಈಗ ನಕ್ಕುಬಿಡುತ್ತಾರೆ. ಕಾಲೇಜಿನ ವಿಷಯ ಬಂದಾಗ ಮಾತ್ರ ನಗುವುದಿಲ್ಲ.

ಕೆಂಗೇರಿ ಆಚೆಯ ಖಾಸಗಿ ಕಾಲೇಜು ಅದು. ಹೋದ ವರ್ಷ, ಅಂದರೆ ಎರಡು ಸಾವಿರದ ಎಂಟರಲ್ಲಿ, ವಿದ್ಯಾರ್ಥಿಗಳ ದೂರಿಗೊಂದು ಫಾರಂ ಬೇಕೆಂದು ಅದರ ಆಡಳಿತಾಧಿಕಾರಿ ಬಂದರು. ಹೆಸರು, ತರಗತಿ, ತಂದೆಯ ಮೊಬೈಲ್ ನಂಬರು, ಎಲ್ಲವೂ ಕಡ್ಡಾಯ. ಬಸ್ಸಿನ ದೂರು ಬಸ್ಸುಗಳ ಉಸ್ತುವಾರಿಗೆ ನೇರ ಹೋಗಬೇಕು. ದೂರು ಆ ಉಸ್ತುವಾರಿಯ ಮೇಲೆಯೇ ಇದ್ದರೆ ಏನು ಮಾಡುವುದು ಎಂದು ನೀಲಾಂಬಿಕಾ ಕೇಳಿದರು. ಅದರ ಚಿಂತೆ ವೆಬ್‌ಸೈಟಿನವರಿಗೆ ಬೇಡ ಎಂದರು ಅಧಿಕಾರಿ. ಗಿರಾಕಿ ಕೇಳಿದ್ದು ಮಾಡಿಕೊಡಮ್ಮ ಎಂದರು ಮೋಹನ್ ಕುಮಾರ್. ಮಾಡಿಕೊಟ್ಟರು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಲೇಜಿನಿಂದ ಫೋನ್ ಬಂತು. ತಪ್ಪಾಗಿ ಒಂದು ದೂರು ದಾಖಲಾಗಿದೆ, ಗುರುತೂ ಉಳಿಯದ ಹಾಗೆ ಅಳಿಸಿಬಿಡಿ. ಪ್ಲಗಿನ್ ಮೇಲ್ ಕಳಿಸುವುದಷ್ಟೇ ಅಲ್ಲ, ಬಂದದ್ದರ ಒಂದು ಪ್ರತಿಯನ್ನು ಸೈಟಿನೊಳಗೂ ಇಟ್ಟುಕೊಳ್ಳುತ್ತದೆ ಎಂಬುದು ಅವರಿಗೆ ಆಗಷ್ಟೇ ತಿಳಿದಿತ್ತು.

ಅಳಿಸಲೆಂದೇ ತೆರೆದ ನೀಲಾಂಬಿಕಾ ಅದನ್ನು ಓದಿದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಬಸ್ಸಿನ ಉಸ್ತುವಾರಿ ದಿನಾ ಪಕ್ಕದ ಸೀಟಿನಲ್ಲೇ ಕೂರಿಸಿಕೊಳ್ಳುತ್ತಾರೆ, ಮೈಮೇಲೆ ಕೈ ಹಾಕುತ್ತಾರೆ, ಎದ್ದು ಹೋದರೆ ಪಾಸ್ ರದ್ದು ಮಾಡ್ತೀನಿ ಅಂತಾರೆ. ಕೆಳಗೆ ಹುಡುಗಿಯ ಹೆಸರು, ತರಗತಿ, ತಂದೆಯ ನಂಬರು. ದೂರು ತಲುಪಿದ್ದು ಅದೇ ಮನುಷ್ಯನ ಮೇಲ್‌ಗೆ.

“ಮೈಯೆಲ್ಲಾ ಉರದ್ಹೋತ್ರೀ,” ಎನ್ನುತ್ತಾರೆ ನೀಲಾಂಬಿಕಾ. “ಅಪ್ಪನ ನಂಬರ್ ಹಾಕೂಮುಂದ ಆ ಹುಡುಗಿ ಎಷ್ಟ ಅಂಜ್ಯಾಳೋ. ಹಾಕಲಿಲ್ಲಂದ್ರ ಫಾರಂ ಮುಂದ ಹೋಗೂದಿಲ್ಲ. ಹಂಗ ಮಾಡ್ಸಿದವ್ರು, ಈಗ ಅದನ್ನ ಅಳಸಂತಾರ.”

ಅಳಿಸಿಬಿಡು, ನಮಗ್ಯಾಕೆ ಊರ ಉಸಾಬರಿ ಎಂದು ಮೋಹನ್ ಕುಮಾರ್ ಎರಡು ಸಲ ಹೇಳಿದರು. ನೀಲಾಂಬಿಕಾ ಕುರ್ಚಿ ಬಿಟ್ಟೆದ್ದು, “ನೀವ ಅಳಸ್ರಿ. ಓದಿ ಅಳಸ್ರಿ,” ಎಂದರು. ಅವರು ಕೂತು ಓದಿದರು. ಕೆಳಗಿಳಿದು ಹೋದರು. ಟೀ ಕುಡಿದು ಬಂದವರು ಪ್ರಿಂಟರಿಗೆ ತಾವೇ ಹಾಳೆ ಹಾಕಿದರು.

ಹುಡುಗಿಯನ್ನು ಇಲ್ಲಿ ಕವನಾ ಎಂದು ಕರೆಯೋಣ, ಅವಳ ತಂದೆಯನ್ನು ಮರಿಯಪ್ಪ ಎಂದು. ಕೆಂಗೇರಿಯ ಹಳೇ ಕುಳ, ಸಿಮೆಂಟ್ ಅಂಗಡಿ ಇಟ್ಟವರು. ನೀಲಾಂಬಿಕಾ ಫೋನ್ ಮಾಡಿದರೆ ಕಾಲೇಜು ಎಂಬ ಮಾತು ಕಿವಿಗೆ ಬಿದ್ದದ್ದೇ ಲೈನ್ ಕತ್ತರಿಸಿದರು. ಉಸ್ತುವಾರಿ ಅದಾಗಲೇ ಅವರ ಜೊತೆ ಮಾತಾಡಿ ಮುಗಿಸಿದ್ದ: ನಿಮ್ಮ ಮಗಳು ಬಸ್ಸಿನಲ್ಲಿ ಹುಡುಗರ ಜೊತೆ ಅತಿಯಾಗಿ ಆಡುತ್ತಾಳೆ, ಗದರಿಸಿದ್ದಕ್ಕೆ ಸುಳ್ಳು ಬರೆದಿದ್ದಾಳೆ. ಮರಿಯಪ್ಪ ಮಗಳನ್ನು ಕಾಲೇಜು ಬಿಡಿಸಿ ಮನೆಯಲ್ಲಿ ಕೂರಿಸಿದ್ದರು.

ಭಾನುವಾರ ನೀಲಾಂಬಿಕಾ ಅವರ ಮನೆಗೇ ಹೋದರು. ಕೂರಿ ಎಂದವರಿಲ್ಲ. ನಿಂತುಕೊಂಡೇ ಕವನಾಳನ್ನು ಕರೆಯಿರಿ ಎಂದರು. ದೂರಿನ ಪ್ರಿಂಟ್ ಮಡಚಿ ಅವಳ ಕೈಗೇ ಕೊಟ್ಟು, ಇದು ನಿನ್ನದು, ಹರಿ ಅಂದರೆ ಇಲ್ಲೇ ಹರಿದು ಹಾಕಿ ಹೋಗುತ್ತೇನೆ ಎಂದರು. ಹುಡುಗಿ ತಾನು ಬರೆದದ್ದನ್ನು ಒಮ್ಮೆ ಪೂರ್ತಿ ಓದಿ ತಂದೆಯ ಕಡೆ ಚಾಚಿದಳು. ಮರಿಯಪ್ಪ ಜಗಲಿಯ ಮೇಲೆ ಕೂತು ಕೊನೆಯವರೆಗೂ ಓದಿದರು.

“ಇದನ್ನ ನನಗ್ಯಾಕೆ ಹೇಳ್ಲಿಲ್ಲ ನೀನು?”

“ಹೇಳೋಕೆ ಬಿಟ್ರಾ ನೀವು?” ಎಂದಳು ಕವನಾ.

ಮಾರನೆಯ ದಿನ ತಂದೆ ಮಗಳು ಇಬ್ಬರೂ ಆ ಹಾಳೆ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದರು. ಸುಳ್ಳು ದೂರು ಎನ್ನುತ್ತಿದ್ದವರೇ, ಅದು ಬಂದ ಹೊತ್ತು ತಾರೀಖು ಸಮೇತ ಎದುರಿಗಿಟ್ಟ ಮೇಲೆ ವಿಚಾರಣೆ ಮಾಡುತ್ತೇವೆ ಎಂದರು. ಪೊಲೀಸು ಗಿಲೀಸು ಬೇಡ, ಹುಡುಗಿಯ ಹೆಸರು ಹಾಳಾಗುತ್ತೆ ಎಂದೂ ಕಾಳಜಿ ತೋರಿದರು. ಹೆದರಿದ ಮನೆಯವರು ಸ್ಟೇಷನ್ನಿಗೆ ಹೋಗಲಿಲ್ಲ. ಉಸ್ತುವಾರಿಯನ್ನು ಅದೇ ಆಡಳಿತ ಮಂಡಳಿಯ ಇನ್ನೊಂದು ಶಾಲೆಗೆ ಕಳಿಸಿದರು.

“ಅಲ್ಲಿ ಹುಡುಗ್ಯಾರು ಇಲ್ಲೇನ್ರೀ?” ಎಂದು ನೀಲಾಂಬಿಕಾ ಕೇಳುತ್ತಾರೆ. ಆ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಎರಡು ಸಲ ಬರೆದಿದ್ದಾರೆ, ಉತ್ತರವಿಲ್ಲ. ಮೂರನೆಯದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದಾರೆ.

ಕವನಾ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ, ಸಿಟಿ ಬಸ್ಸಿನಲ್ಲಿ. ಕಾಲೇಜು ತನ್ನ ಸೈಟನ್ನು ಬೇರೆಯವರಿಗೆ ಒಪ್ಪಿಸಿತು. ದೊಡ್ಡ ಗಿರಾಕಿ ಕೈತಪ್ಪಿದ್ದಕ್ಕೆ ಮೋಹನ್ ಕುಮಾರ್ ಬಹಳ ದಿನ ಗೊಣಗಿದರು. ಈಗ ಯಾರಾದರೂ ದೂರಿನ ಫಾರಂ ಬೇಕೆಂದು ಬಂದರೆ ಮಾತ್ರ ತಾವು ಬಾಯಿ ಹಾಕುವುದಿಲ್ಲ. ಒಳಗಿನ ಕೋಣೆ ತೋರಿಸುತ್ತಾರೆ. ಅಲ್ಲಿ ನೀಲಾಂಬಿಕಾ ಮೊದಲು ಕೇಳುವುದು, ಇದನ್ನು ಓದುವವರು ಯಾರು ಎಂದು. ದೂರು ಕೊಡುವವರ ಹೆಸರು ಕಡ್ಡಾಯ ಮಾಡಿ ಎಂದರೆ ಆಗುವುದಿಲ್ಲ ಎನ್ನುತ್ತಾರೆ. ಒಬ್ಬರಿಬ್ಬರು ಎದ್ದು ಹೋಗಿದ್ದಾರೆ.

ಕೆಳಗೆ ಗಿರಣಿ ಶುರುವಾಗಿ ನೆಲ ಸಣ್ಣಗೆ ನಡುಗುತ್ತಿದೆ. ನೀಲಾಂಬಿಕಾ ಕಾಲೇಜಿನ ಈಗಿನ ಸೈಟು ತೆರೆದು ತೋರಿಸುತ್ತಾರೆ. ಬಣ್ಣ ಬದಲಾಗಿದೆ. ದೂರಿನ ಫಾರಂನಲ್ಲಿ ತಂದೆಯ ನಂಬರು ಇನ್ನೂ ಕಡ್ಡಾಯ.

“ಅರ್ಧ ತಾಸಿನ ಕೆಲಸ ಐತ್ರೀ ಇದು,” ಎನ್ನುತ್ತಾರೆ. “ಕರದ್ರ ಇವತ್ತ ಹೋಗಿ ಸರಿಮಾಡಿ ಬರ್ತೀನಿ. ರೊಕ್ಕ ಬ್ಯಾಡ. ಕರೀಲಿ ಅಷ್ಟ.”