ಕಮಲಾಪುರದ ಬಾವಿಗೆ ಬಿದ್ದ ನನ್ನ ಲಿಂಗ

ಆಗಿನ್ನೂ ನಿಜಾಮರ ಕಾಲ. ಅಪ್ಪನಿಗೆ ಕಲಬುರಗಿಯ ಗಂಜ್ ಪೇಟೆಯಲ್ಲಿ ತೊಗರಿ ವ್ಯಾಪಾರ. ಬೇಸಿಗೆ ಬಂತೆಂದರೆ ನನ್ನನ್ನು ಎತ್ತಿನ ಗಾಡಿ ಹತ್ತಿಸಿ ಕಮಲಾಪುರಕ್ಕೆ, ಅವ್ವನ ತವರಿಗೆ, ಸಾಗಹಾಕುತ್ತಿದ್ದ. ಅಲ್ಲಿ ಅವ್ವನ ಅಪ್ಪ, ನಮ್ಮ ಮುತ್ಯಾ, ಮತ್ತು ಅವನ ತಮ್ಮ ಸಣ್ಣ ಮುತ್ಯಾ ದಿನವೂ ಒಂದೇ ಕಂಬಳಿಯ ಮೇಲೆ ಕೂತು, ಒಂದೇ ಧರ್ಮಗ್ರಂಥದ ಪೋಥಿ ಓದಿ ಅದರ ಅರ್ಥಕ್ಕಾಗಿ ಜಗಳವಾಡುತ್ತಿದ್ದರು.

"ಕೊರಳಾಗಿನ ಲಿಂಗ ಕಳದ್ರ ಜೀವಾ ಬಿಡಬೇಕಂತ ಬರದಾರ" ಎನ್ನುತ್ತಿದ್ದ ಮುತ್ಯಾ.

"ಅದು ಕಲ್ಲಿನ ಮಾತಲ್ಲಣ್ಣಾ, ನಂಬಿಕಿ ಮಾತು. ನಂಬಿಕಿ ಕಳಕೊಂಡಾಂವ ಬದುಕಿದ್ರೂ ಸತ್ತಂಗ, ಅಷ್ಟ" ಎನ್ನುತ್ತಿದ್ದ ಸಣ್ಣ ಮುತ್ಯಾ.

ನನಗೆ ಮುತ್ಯಾನ ಮಾತೇ ಖರೇ ಅನಿಸುತ್ತಿತ್ತು. ಅವನ ದನಿ ದೊಡ್ಡದು, ಮೀಸೆಯೂ ದೊಡ್ಡದು.

ನನಗೆ ಒಂಬತ್ತು ತುಂಬಿದ ಬೇಸಿಗೆ. ತೋಟದ ಬಾವಿಯಲ್ಲಿ ಈಜಿ ಮೇಲೆ ಬಂದು ನೋಡಿದರೆ ಕೊರಳಲ್ಲಿ ಶಿವದಾರವಿಲ್ಲ, ಅರಿವೆಯಲ್ಲಿ ಕಟ್ಟಿದ್ದ ಲಿಂಗವೂ ಇಲ್ಲ. ಮುತ್ಯಾನ ಮಾತು ನೆನಪಾಯಿತು. ಹಾದಿಯಲ್ಲಿ ಸಿಕ್ಕ ದುಂಡನೆಯ ಹರಳೊಂದನ್ನು ಲಂಗದ ಚೂರಿನಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಯಾರಿಗೂ ತಿಳಿಯಲಿಲ್ಲ. ಆದರೆ ನಮ್ಮಲ್ಲಿ ಲಿಂಗಪೂಜೆಯಾಗದೆ ತುತ್ತು ಎತ್ತುವಂತಿಲ್ಲ. ಹಾದಿಯ ಹರಳಿಗೆ ವಿಭೂತಿ ಹಚ್ಚಲು ಕೈ ಬರಲಿಲ್ಲ, ಪೂಜೆಯಿಲ್ಲದೆ ಉಣ್ಣಲು ಇನ್ನಷ್ಟು ಹೆದರಿಕೆ. ಪಕ್ಕದ ಕೋಣೆಯಲ್ಲಿ ಕೆಂಪು ಬಾಳೆಗೊನೆ ಹಣ್ಣಾಗುವ ವಾಸನೆಗೆ ಹೊಟ್ಟೆ ಹಿಂಡುತ್ತಿತ್ತು.

"ಯಾಕವ್ವಾ, ಉಣವಲ್ಲಿ?" ಅವ್ವನ ಅವ್ವ, ನಮ್ಮ ಆಯಿ, ನನ್ನ ಹಣೆ ಮುಟ್ಟಿ ನೋಡಿದಳು.

"ಹಸಿವಿಲ್ಲ ಆಯಿ."

ಮರುದಿನ ಮಧ್ಯಾಹ್ನ ಕಣ್ಣು ಕತ್ತಲಿಟ್ಟು ಬಿದ್ದೆ. ಕೊರಳು ಸಡಿಲಿಸಲು ಬಂದ ಆಯಿಯ ಕೈಗೆ ಹರಳು ಸಿಕ್ಕಿತು. ಎಲ್ಲರೂ ಸುತ್ತ ನಿಂತಿದ್ದರು. ನಾನು ಮುತ್ಯಾನ ಕಾಲು ಹಿಡಿದೆ.

"ಬಾವ್ಯಾಗ ಬಿತ್ತು ಮುತ್ಯಾ. ನಾ ಈಗ ಸಾಯಬೇಕೇನು?"

ಮುತ್ಯಾ ಕೈಯಲ್ಲಿದ್ದ ಪೋಥಿ ಮುಚ್ಚಿಟ್ಟ. ಆಮೇಲೆ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡ. "ಆ ಮಾತು ನನ್ನಂಥ ಮುದುಕಗ ಬರದದ್ದು. ಕೂಸಿಗಲ್ಲ." ತಮ್ಮನ ಕಡೆ ತಿರುಗಿ, "ಅಯ್ಯನೋರ್ನ ಕರಕೊಂಡು ಬಾ, ಹೊಸಾ ಲಿಂಗ ಕಟ್ಟಲಿ. ಇಕಿ ಉಂಡ ಮ್ಯಾಲೇ ನಾ ಉಣ್ತೀನಿ" ಎಂದ.

ಸಣ್ಣ ಮುತ್ಯಾ ಗೆದ್ದೆನೆಂದು ಬೀಗಲಿಲ್ಲ. ಚಪ್ಪಲಿ ಮೆಟ್ಟದೆ ಬಿಸಿಲಿಗೆ ಓಡಿದ. ಮರುದಿನ ಮತ್ತೆ ಇಬ್ಬರ ಜಗಳ. ಮುತ್ಯಾ ತನ್ನ ಅರ್ಥವನ್ನು ಎಳ್ಳಷ್ಟೂ ಬಿಟ್ಟುಕೊಡಲಿಲ್ಲ.

ಈಗ ನಮ್ಮ ಮನೆತನದಲ್ಲಿ ಪೋಥಿಯ ಅರ್ಥ ಹೇಳುವವರು ಬಹಳ. ನನ್ನ ತಮ್ಮಂದಿರಿಬ್ಬರು ಅದಕ್ಕಾಗಿಯೇ ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ಕೂಸೊಂದು ಹೆದರಿದರೆ ಪೋಥಿ ಮುಚ್ಚಿಡುವ ಮುದುಕರು ಉಳಿದಿಲ್ಲ. ಮೊನ್ನೆ ಹಿರಿಯ ತಮ್ಮನ ಮೊಮ್ಮಗಳು ಕಿರಿಯವನ ಮನೆಯ ಹೊಸ್ತಿಲಲ್ಲಿ ನನ್ನ ಸೆರಗು ಹಿಡಿದು ನಿಂತಿದ್ದಳು.

"ಆಯಿ, ನಾ ಒಳಗ ಬಂದ್ರ ಬೈತಾರೇನು?"